ಹಗುರ ಫ್ಲೈವೀಲ್ ಹಾಕಿಸಲು ಹೊರಟಿರುವ ಬೆಂಗಳೂರಿನ ಗೆಳೆಯರಿಗೆ



ಭಾನುವಾರ ಬೆಳಕು ಹರಿಯುವ ಮೊದಲೇ ನಂದಿಬೆಟ್ಟದ ದಾರಿ ಹಿಡಿಯುವವರು ನೀವು. ಸೋಮವಾರ ಬೆಳಗ್ಗೆ ಅದೇ ಕಾರಿನಲ್ಲಿ ಸಿಲ್ಕ್ ಬೋರ್ಡ್ ಕಡೆಗೆ ತೆವಳುವವರೂ ನೀವೇ. ಮನೆಯವರು, ಆಫೀಸಿನವರು ಎಲ್ಲರೂ ಆಟೊಮ್ಯಾಟಿಕ್ ತಗೊಳ್ಳಿ ಎಂದು ಹೇಳುತ್ತಿದ್ದರೂ ಕ್ಲಚ್ ಬಿಡಲೊಲ್ಲದೆ ಕೂತಿರುವ ನಿಮ್ಮ ಮೇಲೆ ನನಗೆ ಒಳಗೊಳಗೇ ಅಭಿಮಾನ. ಏರ್ ಫಿಲ್ಟರ್ ಆಯಿತು, ಎಕ್ಸಾಸ್ಟ್ ಆಯಿತು, ರೀಮ್ಯಾಪ್ ಆಯಿತು. ಈಗ ನಿಮ್ಮ ಗುಂಪಿನಲ್ಲಿ ಹಗುರ ಫ್ಲೈವೀಲಿನ ಮಾತು ಎದ್ದಿದೆ. ಫಿಲ್ಟರ್ ಹಿಡಿಸದಿದ್ದರೆ ಅರ್ಧ ಗಂಟೆಯಲ್ಲಿ ಹಳೆಯದನ್ನು ವಾಪಸ್ ಹಾಕಬಹುದು. ಫ್ಲೈವೀಲ್ ಹಾಗಲ್ಲ. ಹಾಕಲು ಗೇರ್‌ಬಾಕ್ಸ್ ಇಳಿಸಬೇಕು, ಹಿಡಿಸದಿದ್ದರೆ ಮತ್ತೊಮ್ಮೆ ಇಳಿಸಬೇಕು. ಹಾಗಾಗಿ ಸ್ಪಾನರ್ ಎತ್ತುವ ಮೊದಲು ಸ್ವಲ್ಪ ಪೆನ್ನು ಎತ್ತೋಣ.

ಕುಂಬಾರರ ತಿಗರಿಯನ್ನು ನೋಡಿದವರಿಗೆ ಫ್ಲೈವೀಲ್ ವಿವರಿಸಬೇಕಾಗಿಲ್ಲ. ಕೋಲು ಹಾಕಿ ನಾಲ್ಕು ಸುತ್ತು ರಭಸವಾಗಿ ತಿರುಗಿಸಿ ಬಿಟ್ಟರೆ, ಎರಡೂ ಕೈ ಮಣ್ಣಿನ ಮೇಲಿರುವಷ್ಟು ಹೊತ್ತು ಅದು ತಾನಾಗಿ ಸುತ್ತುತ್ತದೆ. ತೂಕವೆಲ್ಲ ಅಂಚಿನಲ್ಲಿರುವುದೇ ಅದರ ಗುಟ್ಟು. ಎಂಜಿನ್ನಿನ ಕಥೆಯೂ ಅಷ್ಟೇ. ನಾಲ್ಕು ಸಿಲಿಂಡರಿನ ಎಂಜಿನ್ 750 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿದ್ದರೆ ಸೆಕೆಂಡಿಗೆ 25 ಸಲ ಮಾತ್ರ ಬೆಂಕಿ ಹೊತ್ತುತ್ತದೆ. ಮೂರು ಸಿಲಿಂಡರಿನದಾದರೆ ಸುಮಾರು 19 ಸಲ. ಒಂದು ಹೊಡೆತಕ್ಕೂ ಮುಂದಿನ ಹೊಡೆತಕ್ಕೂ ನಡುವೆ ಇನ್ನೊಂದು ಸಿಲಿಂಡರ್ ಗಾಳಿಯನ್ನು ಅದುಮುತ್ತಿರುತ್ತದೆ, ಅದಕ್ಕೆ ಶಕ್ತಿ ಬೇಕು. ಆ ಕ್ಷಣದಲ್ಲಿ ಸಾಲ ಕೊಡುವುದು ಫ್ಲೈವೀಲ್. ಹಳೆಯ ಬುಲೆಟ್ ಬೈಕಿಗೆ ಇರುವುದು ಒಂದೇ ಸಿಲಿಂಡರ್, ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಒಂದೇ ಹೊಡೆತ. ಆದರೂ ಅದು ಆರಾಮವಾಗಿ ಡುಗ್ ಡುಗ್ ಎನ್ನುತ್ತಾ ನಿಲ್ಲುತ್ತದಲ್ಲ, ಅದು ಒಳಗಿನ ದಪ್ಪ ಫ್ಲೈವೀಲಿನ ಕೃಪೆ.

ಈಗ ನಿಮ್ಮ ಗುಂಪಿನ ಮೊದಲ ನಂಬಿಕೆಗೆ ಬರೋಣ: ಫ್ಲೈವೀಲ್ ಹಗುರಾದರೆ ಪವರ್ ಹೆಚ್ಚುತ್ತದೆ. ಹೆಚ್ಚುವುದಿಲ್ಲ. ಸಿಲಿಂಡರಿನೊಳಗೆ ಹೋಗುವ ಗಾಳಿ ಅಷ್ಟೇ, ಪೆಟ್ರೋಲ್ ಅಷ್ಟೇ, ಬರುವ ಶಕ್ತಿಯೂ ಅಷ್ಟೇ. ಆದರೂ ಶಕ್ತಿ ಅಳೆಯುವ ಡೈನೋದ ಚೀಟಿಯಲ್ಲಿ ಎರಡು ಮೂರು ಕುದುರೆ ಹೆಚ್ಚು ಕಾಣಿಸಿದ ಉದಾಹರಣೆಗಳಿವೆ, ಅದೂ ಸುಳ್ಳಲ್ಲ. ಭಾರದ ಡ್ರಮ್ಮನ್ನು ಎಷ್ಟು ಬೇಗ ತಿರುಗಿಸುತ್ತೀರಿ ಎಂದು ನೋಡುವ ಡೈನೋದಲ್ಲಿ, ಎಂಜಿನ್ ತನ್ನ ಫ್ಲೈವೀಲನ್ನು ವೇಗಗೊಳಿಸಲು ತಿಂದ ಪಾಲು ಲೆಕ್ಕಕ್ಕೆ ಸಿಗುವುದಿಲ್ಲ. ಫ್ಲೈವೀಲ್ ಹಗುರಾದಾಗ ಆ ಪಾಲು ಕಡಿಮೆಯಾಗಿ ಚಕ್ರದ ಬಳಿ ಅಂಕಿ ಏರುತ್ತದೆ. ಒಂದೇ ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ ಅಳೆಯುವ ಡೈನೋಗೆ ಹೋದರೆ ಆ ಕುದುರೆಗಳು ಮಾಯ. ಚೀಟಿ ತೋರಿಸಿದವರನ್ನು ಕೇಳಬೇಕಾದ ಪ್ರಶ್ನೆ ಎಷ್ಟು ಬಂತು ಎಂಬುದಕ್ಕಿಂತ ಯಾವ ಡೈನೋ ಎಂಬುದು.

ಹಾಗಾದರೆ ಸಿಗುವುದೇನು? ಇದಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ಒಂದು ಸಾಧಾರಣ ಸಣ್ಣ ಪೆಟ್ರೋಲ್ ಕಾರನ್ನು ಊಹಿಸಿಕೊಳ್ಳಿ. ಡ್ರೈವರ್ ಸೇರಿ ತೂಕ 1000 ಕೆ.ಜಿ., ಟೈರಿನ ತ್ರಿಜ್ಯ 28 ಸೆಂ.ಮೀ. ಫ್ಲೈವೀಲ್ 7 ಕೆ.ಜಿ. ಇದ್ದದ್ದು 4 ಕೆ.ಜಿ.ಗೆ ಇಳಿಯಿತು. ತೆಗೆದ 3 ಕೆ.ಜಿ. ನಡುವಿನಿಂದ ಸರಾಸರಿ 10 ಸೆಂ.ಮೀ. ದೂರದಲ್ಲಿತ್ತು ಎಂದಿಟ್ಟುಕೊಳ್ಳೋಣ. ಮೊದಲ ಗೇರಿನಲ್ಲಿ ಫೈನಲ್ ಡ್ರೈವ್ ಸೇರಿ ಎಂಜಿನ್ 14 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಆಗ ಎಂಜಿನ್ನಿನ ಜಡತ್ವ ಚಕ್ರದ ಬಳಿ 14ರ ವರ್ಗದಷ್ಟು, ಅಂದರೆ 196 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗುಣಿಸಿ ಭಾಗಿಸಿದರೆ ಉತ್ತರ ಬೆರಗು ಹುಟ್ಟಿಸುವಂಥದ್ದು: ಫ್ಲೈವೀಲಿನಿಂದ ಇಳಿದ ಆ 3 ಕೆ.ಜಿ., ಮೊದಲ ಗೇರಿನಲ್ಲಿ ವೇಗ ಹೆಚ್ಚಿಸುವಾಗ ಕಾರಿನಿಂದ 75 ಕೆ.ಜಿ. ಇಳಿಸಿದ್ದಕ್ಕೆ ಸಮ. ಒಬ್ಬ ದಪ್ಪನೆಯ ಗೆಳೆಯನನ್ನು ಮನೆಯಲ್ಲೇ ಬಿಟ್ಟು ಬಂದಷ್ಟು.

ಆದರೆ ಲೆಕ್ಕವನ್ನು ಅಲ್ಲಿಗೆ ನಿಲ್ಲಿಸಬೇಡಿ. ಎರಡನೇ ಗೇರಿಗೆ ಬಂದರೆ ಆ 75 ಹೋಗಿ 22 ಆಗುತ್ತದೆ. ಮೂರನೆಯದರಲ್ಲಿ 10. ಐದನೇ ಗೇರಿನಲ್ಲಿ ನಾಲ್ಕೇ ಕೆ.ಜಿ. ನೈಸ್ ರಸ್ತೆಯಲ್ಲಿ ಐದನೇ ಗೇರಿನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ನಿಮ್ಮ ಹಗುರ ಫ್ಲೈವೀಲ್ ಮಾಡುವ ಸಹಾಯ, ಡಿಕ್ಕಿಯಲ್ಲಿರುವ ನೀರಿನ ಕ್ಯಾನು ತೆಗೆದಿಟ್ಟರೂ ಸಿಗುತ್ತದೆ.

ತೂಕದ ಜೊತೆಗೆ ಜಾಗವನ್ನೂ ಕೇಳಬೇಕು ಎಂಬುದು ಈ ಲೆಕ್ಕದಿಂದಲೇ ಹೊರಡುತ್ತದೆ. ಅದೇ 3 ಕೆ.ಜಿ.ಯನ್ನು ನಡುವಿನಿಂದ 5 ಸೆಂ.ಮೀ. ದೂರದಲ್ಲಿ ಕೊರೆದು ತೆಗೆದರೆ ಫಲ ಕಾಲು ಭಾಗಕ್ಕೆ ಇಳಿಯುತ್ತದೆ. ತಕ್ಕಡಿಯಲ್ಲಿ ಒಂದೇ ತೂಗುವ ಎರಡು ಫ್ಲೈವೀಲುಗಳು ಕಾರಿನಲ್ಲಿ ಎರಡು ಥರ ನಡೆದುಕೊಳ್ಳುವುದು ಇದಕ್ಕೇ. ಮಾರುವವರು ಕೆ.ಜಿ. ಮಾತ್ರ ಹೇಳಿದರೆ ಅರ್ಧ ಮಾತು ಹೇಳಿದಂತೆ.

ಈ ಪತ್ರ ಬರೆಯಲು ಕೂತದ್ದು ಮುಂದಿನ ಮಾತಿಗಾಗಿ. ಹಗುರ ಫ್ಲೈವೀಲ್ ಕೊಡುವುದೆಲ್ಲ ಮೊದಲ ಎರಡು ಗೇರುಗಳಲ್ಲಿ. ಅದು ಕಿತ್ತುಕೊಳ್ಳುವುದೆಲ್ಲ ಕೂಡ ಅದೇ ಎರಡು ಗೇರುಗಳಲ್ಲಿ. ಬೆಂಗಳೂರಿನಲ್ಲಿ ನೀವು ದಿನವಿಡೀ ಇರುವುದೂ ಅವೇ ಗೇರುಗಳಲ್ಲಿ. ಆದರೆ ರ್‍ಯಾಲಿಯವನು ಮೊದಲ ಗೇರಿನಿಂದ ಬಯಸುವುದೇ ಬೇರೆ, ಟಿನ್ ಫ್ಯಾಕ್ಟರಿಯ ಬಳಿ ಬಿಎಂಟಿಸಿ ಬಸ್ಸಿನ ಹಿಂದೆ ನಿಂತ ನೀವು ಬಯಸುವುದೇ ಬೇರೆ.

ಕೆ-1000 ರ್‍ಯಾಲಿಯಲ್ಲಿ ಮಣ್ಣಿನ ದಾರಿಯಲ್ಲಿ ಹೊರಡುವವನನ್ನು ನೋಡಿ. ನಾಲ್ಕು ಸಾವಿರದ ಮೇಲೆ ಆರ್‌ಪಿಎಂ ಹಿಡಿದು ಕ್ಲಚ್ ಬಿಡುತ್ತಾನೆ, ಎರಡು ಸೆಕೆಂಡಿನಲ್ಲಿ ಎರಡನೇ ಗೇರು. ಆಮೇಲೆ ಸ್ಟೇಜ್ ಮುಗಿಯುವವರೆಗೆ ಅವನು ನಿಲ್ಲುವುದೇ ಇಲ್ಲ. ತಿರುವಿಗೆ ಮುಂಚೆ ಬ್ರೇಕ್ ಒತ್ತುತ್ತಲೇ ಹಿಮ್ಮಡಿಯಿಂದ ಎಕ್ಸಲರೇಟರ್ ತಟ್ಟಿ ಗೇರ್ ಇಳಿಸುತ್ತಾನೆ. ಹಗುರ ಫ್ಲೈವೀಲ್ ಇದ್ದರೆ ಆ ಒಂದು ತಟ್ಟಿಗೆ ಎಂಜಿನ್ ಚಿಮ್ಮಿ ಮೇಲೇರುತ್ತದೆ. ಚೆನ್ನೈ ಬಳಿಯ ಇರುಂಗಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗೋ ಹೋಗಿ ಬಂದವರಿಗೆ ಈ ಸುಖ ಗೊತ್ತು. ನನಗೂ ಗೊತ್ತು, ಅಲ್ಲಗಳೆಯುವುದಿಲ್ಲ. ಸೂಜಿಯ ಹಾಗೆ ಏರಿಳಿಯುವ ಎಂಜಿನ್ನಿನ ಜೊತೆ ಗೇರು ಬದಲಾಯಿಸುವುದು ಮ್ಯಾನುವಲ್ ಕಾರಿನ ದೊಡ್ಡ ಸುಖಗಳಲ್ಲೊಂದು.

ಈಗ ಸೋಮವಾರಕ್ಕೆ ಬನ್ನಿ. ಕಾರು ನಿಂತಿದೆ, ಎಸಿ ಓಡುತ್ತಿದೆ, ಮುಂದಿನ ಗಾಡಿ ಒಂದು ಗಜ ಜರುಗಿತು. ನೀವು ಆರ್‌ಪಿಎಂ 1500ಕ್ಕೆ ಏರಿಸಿ ಕ್ಲಚ್ ಬಿಡುತ್ತೀರಿ, ಎಂಜಿನ್ 800ಕ್ಕೆ ಕುಸಿಯುತ್ತದೆ. ಆ ಕುಸಿತದಲ್ಲಿ 7 ಕೆ.ಜಿ.ಯ ಫ್ಲೈವೀಲ್ ಸುಮಾರು 615 ಜೂಲ್ ಶಕ್ತಿಯನ್ನು ಬಿಟ್ಟುಕೊಡುತ್ತದೆ. 4 ಕೆ.ಜಿ.ಯದು 350 ಜೂಲ್. 1000 ಕೆ.ಜಿ. ಕಾರನ್ನು ಮನುಷ್ಯ ನಿಧಾನವಾಗಿ ನಡೆಯುವ ವೇಗಕ್ಕೆ, ಗಂಟೆಗೆ 3.6 ಕಿ.ಮೀ.ಗೆ ತರಲು ಬೇಕಾದದ್ದು 500 ಜೂಲ್. ಕ್ಲಚ್ ಉಜ್ಜುವಾಗ ಒಂದು ಪಾಲು ಬಿಸಿಯಾಗಿ ಹೋಗುತ್ತದೆ, ಸರಿ. ಆದರೂ ಅಂದಾಜು ಸ್ಪಷ್ಟ: ಕಂಪನಿ ಫ್ಲೈವೀಲ್ ಇರುವ ಕಾರು ಎಕ್ಸಲರೇಟರ್ ಮತ್ತೆ ಒತ್ತದಿದ್ದರೂ ಮೊದಲ ಗಜವನ್ನು ಜಾರಿ ದಾಟುವುದು ಈ ಸಾಲದ ಮೇಲೆ. ಸಾಲ ಕೊಡುವವನನ್ನು ಅರ್ಧ ಮಾಡಿದರೆ ಆ ಕೆಲಸ ನಿಮ್ಮ ಕಾಲಿಗೆ ಬೀಳುತ್ತದೆ. ಇಲ್ಲವಾದರೆ ಗಾಡಿ ಆಫ್, ಹಿಂದಿನವನ ಹಾರ್ನ್, ಮತ್ತೆ ಸೆಲ್ಫ್.

ಅಭ್ಯಾಸವಾಗುತ್ತದೆ ಎನ್ನುತ್ತೀರಿ. ಆಗುತ್ತದೆ, ಸುಳ್ಳಲ್ಲ. ಒಂದೆರಡು ವಾರದಲ್ಲಿ ಕಾಲು ಕಲಿತುಕೊಳ್ಳುತ್ತದೆ. ಆದರೆ ಅದು ಏನು ಕಲಿಯುತ್ತದೆ ಎಂದು ಗಮನಿಸಿ. 1500ರ ಬದಲು 2000ಕ್ಕೆ ಏರಿಸಿ, ಹಾಫ್ ಕ್ಲಚ್‌ನಲ್ಲಿ ಇನ್ನಷ್ಟು ಹೊತ್ತು ಹಿಡಿದು ಬಿಡುವುದನ್ನು. ಅಂದರೆ ಕ್ಲಚ್ ಪ್ಲೇಟಿಗೆ ಹೆಚ್ಚು ಉಜ್ಜಾಟ. ಆ ಉಜ್ಜಾಟದ ಬಿಸಿಯನ್ನು ಹೀರಬೇಕಾದ ಕಬ್ಬಿಣವನ್ನೇ ನೀವು ತೆಗೆದಿದ್ದೀರಿ. 7 ಕೆ.ಜಿ.ಯನ್ನು 100 ಡಿಗ್ರಿ ಏರಿಸುವ ಬಿಸಿ 4 ಕೆ.ಜಿ.ಯನ್ನು 175 ಡಿಗ್ರಿ ಏರಿಸುತ್ತದೆ. ಹೆಬ್ಬಾಳ ಫ್ಲೈಓವರಿನ ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ತೂಗಾಡುವವರಿಗೆ, ನಾಲ್ಕು ಜನ ಮತ್ತು ಲಗೇಜ್ ಹೇರಿ ಆಗುಂಬೆಯ 14 ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿಬಿಟ್ಟು ಮತ್ತೆ ಹೊರಡುವವರಿಗೆ ಸುಟ್ಟ ವಾಸನೆ ಬೇಗ ಬರುತ್ತದೆ.

ಮೈಲೇಜಿನ ಆಸೆಯಿದ್ದರೆ ಅದನ್ನೂ ಬಿಡಿ. ಫ್ಲೈವೀಲ್ ತಿರುಗಿಸುವುದರಲ್ಲಿ ಉಳಿಯುವ ಚೂರು ಪೆಟ್ರೋಲ್, ಹೊರಡುವಾಗ ಹೆಚ್ಚು ಏರಿಸುವುದರಲ್ಲಿ ಖರ್ಚಾಗುತ್ತದೆ.

ಇನ್ನೊಂದು ವಿಷಯವನ್ನು ನಿಮ್ಮ ಚರ್ಚೆಯಲ್ಲಿ ಯಾರೂ ಎತ್ತಿದ್ದನ್ನು ಕೇಳಿಲ್ಲ. ದಿನಬಳಕೆಯ ಕಾರು ಮನೆಯ ಕಾರು. ಅದನ್ನು ನಿಮ್ಮ ಹೆಂಡತಿ ಓಡಿಸುತ್ತಾರೆ, ಅಪ್ಪ ಮಾರ್ಕೆಟ್ಟಿಗೆ ಒಯ್ಯುತ್ತಾರೆ, ಕಲ್ಯಾಣ ಮಂಟಪದ ವ್ಯಾಲೆ ಹುಡುಗ ಬೇಸ್‌ಮೆಂಟಿನ ಇಳಿಜಾರಿನಲ್ಲಿ ರಿವರ್ಸ್ ತೆಗೆಯುತ್ತಾನೆ. ನಿಮ್ಮ ಕಾಲು ಕಲಿತ ಪಾಠ ಅವರ ಕಾಲಿಗೆ ಗೊತ್ತಿಲ್ಲ. ರಿವರ್ಸ್ ಗೇರು ಸಾಮಾನ್ಯವಾಗಿ ಮೊದಲ ಗೇರಿನಷ್ಟೇ ಇಳಿದ ಗೇರು, ಅಲ್ಲೂ ಇದೇ ಕಥೆ. ಅಪ್ಪ ಏರಿನಲ್ಲಿ ಎರಡು ಸಲ ಆಫ್ ಮಾಡಿಕೊಂಡು ಕೀ ಮೇಜಿನ ಮೇಲಿಟ್ಟು "ಇದು ನಿನ್ನ ಗಾಡಿ, ನೀನೇ ಓಡಿಸ್ಕೋ" ಎಂದರೆ, ಯಾವ ಡೈನೋ ಚೀಟಿಯೂ ನಿಮ್ಮ ನೆರವಿಗೆ ಬರುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಹಾಕಿಸಿಯೇ ತೀರುತ್ತೇವೆ ಎನ್ನುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆ ಹಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ಕೆಲಸವನ್ನು ಮಾತ್ರ ದಯವಿಟ್ಟು ಮಾಡಬೇಡಿ: ಕಂಪನಿಯ ಫ್ಲೈವೀಲನ್ನೇ ಬಿಚ್ಚಿಸಿ ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸುವುದು. ಅಗ್ಗವೆಂದು ಇದನ್ನು ಮಾಡಿಸುವವರಿದ್ದಾರೆ. ಹಲವು ಕಾರುಗಳ ಫ್ಲೈವೀಲ್ ಬೀಡು ಕಬ್ಬಿಣದ್ದು. ಬೀಡು ಅದುಮಿದರೆ ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಮಾತ್ರ ಅದು ಅಷ್ಟು ಸಹಿಸಲಾರದು. ವೇಗವಾಗಿ ತಿರುಗುವ ಚಕ್ರದಲ್ಲಿರುವುದು ಬರೀ ಎಳೆತ. 13 ಸೆಂ.ಮೀ. ತ್ರಿಜ್ಯದ ಫ್ಲೈವೀಲ್ 6500 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 318 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ಅಂಚಿನ ಒಂದೊಂದು ಗ್ರಾಂ ಲೋಹವೂ 6 ಕೆ.ಜಿ. ಭಾರ ನೇತುಹಾಕಿದಷ್ಟು ಬಲದಲ್ಲಿ ಹೊರಗೆ ಕಿತ್ತುಕೊಳ್ಳಲು ನೋಡುತ್ತಿರುತ್ತದೆ. ಈ ಬಲ ಏರುವುದು ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ: ಆರ್‌ಪಿಎಂ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಕಾರ್ಖಾನೆಯ ಎಂಜಿನಿಯರ್ ಎಲ್ಲಿ ದಪ್ಪ ಬಿಟ್ಟಿದ್ದ, ಯಾಕೆ ಬಿಟ್ಟಿದ್ದ ಎಂಬುದು ಲೇತಿನ ಟೂಲಿಗೆ ತಿಳಿಯದು. ಹಾಫ್ ಕ್ಲಚ್‌ನ ಬಿಸಿಗೆ ಮೈಮೇಲೆ ಕೂದಲಿನಂಥ ಬಿರುಕುಗಳು ಮೊದಲೇ ಬಿದ್ದಿದ್ದರೆ ಇನ್ನೂ ಅಪಾಯ. ಒಡೆದರೆ ತಡೆಯಲು ಇರುವುದು ಅಲ್ಯೂಮಿನಿಯಂನ ಬೆಲ್ ಹೌಸಿಂಗ್, ಅದರಾಚೆ ತೆಳು ತಗಡಿನ ಫೈರ್‌ವಾಲ್, ಅದರಾಚೆ ನಿಮ್ಮ ಪಾದ. ಅಮೆರಿಕದ ಡ್ರ್ಯಾಗ್ ರೇಸಿನವರು ಎಸ್‌ಎಫ್‌ಐ 1.1 ಎಂಬ ಸುರಕ್ಷತಾ ಗುರುತಿರುವ ಫ್ಲೈವೀಲ್ ಕೇಳುವುದು ಸುಮ್ಮನೆ ಅಲ್ಲ. ಜೆ.ಸಿ. ರೋಡಿನ ಸುತ್ತ ಕೆಲಸ ಮಾಡುವ ಟರ್ನರ್‌ಗಳಲ್ಲಿ ಬಹಳ ನುರಿತ ಕೈಗಳಿವೆ, ಅವರ ಕೈಚಳಕದ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯ ಇರುವುದು ಲೋಹದ ಬಗ್ಗೆ. ಹಾಕುವುದಾದರೆ ಕ್ರೋಮೋಲಿ ಸ್ಟೀಲಿನದನ್ನು, ಇಡೀ ಗಟ್ಟಿಯಿಂದ ಕಡೆದದ್ದನ್ನು, ನಿಮ್ಮ ಕಾರಿನ ಮಾಡೆಲ್ಲಿಗೆಂದೇ ಮಾಡಿದ್ದನ್ನು ಹಾಕಿ. ಉಕ್ಕಿನ ಮುಖ ಕೂರಿಸಿದ ಅಲ್ಯೂಮಿನಿಯಂ ಫ್ಲೈವೀಲ್ ಇನ್ನೂ ಹಗುರ. ಅದನ್ನು ಟ್ರ್ಯಾಕಿನ ಕಾರಿಗೇ ಬಿಡಿ.

ಎಷ್ಟು ಹಗುರ? ಅರ್ಧಕ್ಕೆ ಇಳಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಕಾಲು ಭಾಗ ಕಡಿಮೆ ಮಾಡಿದರೆ ಕಾಲಿಗೆ ತಿಳಿಯುತ್ತದೆ, ಅಪ್ಪನಿಗೂ ಓಡಿಸಲು ಬರುತ್ತದೆ. ಅದರ ಜೊತೆಗೆ ಹಗುರ ಕ್ರ್ಯಾಂಕ್ ಪುಲ್ಲಿಯನ್ನೂ ಹಾಕಿಸುತ್ತೇನೆಂದು ಹೊರಡಬೇಡಿ. ಕಂಪನಿ ಪುಲ್ಲಿಯಲ್ಲಿರುವ ರಬ್ಬರು ಕ್ರ್ಯಾಂಕಿನ ತಿರುಚು ಕಂಪನವನ್ನು ನುಂಗಲು ಇರುವಂಥದ್ದು. ಎರಡು ತುದಿಯಲ್ಲೂ ಒಮ್ಮೆಲೇ ಕೈ ಹಾಕಿದರೆ ಬೇರಿಂಗುಗಳು ಅದರ ಬೆಲೆ ತೆರುತ್ತವೆ.

ಹಳೆಯ ಸ್ಕೋಡಾ ಲಾರಾ ಡೀಸೆಲ್‌ನಂಥ ಕಾರಿನವರಿಗೆ ಬೇರೆಯೇ ಮಾತು. ನಿಮ್ಮದು ಡ್ಯುಯಲ್ ಮಾಸ್ ಫ್ಲೈವೀಲ್. ಎರಡು ತಟ್ಟೆ, ನಡುವೆ ಬಿಲ್ಲಿನಂತೆ ಬಾಗಿದ ಸ್ಪ್ರಿಂಗುಗಳು. 1985ರಲ್ಲಿ ಜರ್ಮನಿಯ ಲುಕ್ ಕಂಪನಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಶುರುಮಾಡಿದ್ದೇ ಎಂಜಿನ್ನಿನ ಗುದ್ದು ಗೇರ್‌ಬಾಕ್ಸಿಗೆ ತಲುಪದಿರಲಿ ಎಂದು. ಅದು ಹಾಳಾದಾಗ ಬೆಲೆ ಕೇಳಿ ಎದೆ ಝಲ್ಲೆನ್ನುವುದು ನಿಜ. ಆ ಕೋಪದಲ್ಲಿ ಹಗುರವಾದ ಒಂಟಿ ತಟ್ಟೆಯದನ್ನು ಹಾಕಿದರೆ ಅದೇ ಗುದ್ದು ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ. ಡೀಸೆಲ್ ಕಾರಿಗೆ ಈ ಬದಲಾವಣೆ ಬೇಡ.

ಹೊಸ ಕಾರಿನವರಿಗೂ ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ಎರಡನೇ ಹಂತದ ಕಾರುಗಳಲ್ಲಿ ದೋಷವನ್ನು ತಾನೇ ಪತ್ತೆಹಚ್ಚುವ ಓಬಿಡಿ-2 ಇದೆ. ಕ್ರ್ಯಾಂಕಿನ ವೇಗದ ಸಣ್ಣ ಏರುಪೇರನ್ನು ಗಮನಿಸಿ ಮಿಸ್‌ಫೈರ್ ಆಯಿತೇ ಎಂದು ತೀರ್ಮಾನಿಸುವುದು ಇಂಥ ವ್ಯವಸ್ಥೆಗಳ ಸಾಮಾನ್ಯ ವಿಧಾನ. ಫ್ಲೈವೀಲ್ ಹಗುರಾದಷ್ಟೂ ಏರುಪೇರು ಹೆಚ್ಚು. ಎಲ್ಲ ಸರಿಯಿದ್ದರೂ ಚೆಕ್ ಎಂಜಿನ್ ಲೈಟ್ ಹತ್ತಿ ಕೂತರೆ, ವಾರಂಟಿಯ ಕೌಂಟರಿನಲ್ಲಿ ನೀವು ಕೊಡಬೇಕಾದ ವಿವರಣೆಯನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.

ಉಳಿದವರು, ಅಂದರೆ ಹಳೆಯ ಪೆಟ್ರೋಲ್ ಕಾರಿನವರು, ಕ್ಲಚ್ ಸವೆಯುವವರೆಗೆ ಕಾಯಿರಿ. ಗೇರ್‌ಬಾಕ್ಸ್ ಹೇಗೂ ಇಳಿಯುವ ದಿನ ಈ ಕೆಲಸ ಮಾಡಿಸಿದರೆ ಕೂಲಿ ಒಂದೇ. ಅವತ್ತು ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎಲ್ಲವೂ ಹೊಸದಾಗಲಿ. ಒಂದು ಸೀಲಿನ ಖರ್ಚು ಉಳಿಸಲು ಹೋಗಿ ಹೊಸ ಪ್ಲೇಟಿನ ಮೇಲೆ ಆಯಿಲ್ ಸುರಿಸಿಕೊಂಡವರ ಸಾಲಿಗೆ ಸೇರಬೇಡಿ. ಬಹಳಷ್ಟು ಕಾರುಗಳಲ್ಲಿ ಫ್ಲೈವೀಲಿನ ಬೋಲ್ಟುಗಳು ಬಿಗಿಯುವಾಗ ಸ್ವಲ್ಪ ಹಿಗ್ಗುವಂಥವು, ಅವನ್ನು ಮತ್ತೆ ಬಳಸುವಂತಿಲ್ಲ. ಹೊಸ ಬೋಲ್ಟು, ಟಾರ್ಕ್ ವ್ರೆಂಚು, ಕಂಪನಿ ಹೇಳಿದ ಅಳತೆ. ಮೆಕ್ಯಾನಿಕ್ ಗನ್ನಿನಿಂದ ಟರ್ ಎಂದು ಬಿಗಿಯಲು ಹೊರಟರೆ ಅಲ್ಲೇ ನಿಲ್ಲಿಸಿ. ಸ್ಟಾರ್ಟರಿನ ರಿಂಗ್ ಗೇರು ಸರಿಯಾಗಿ ಕೂತಿದೆಯೇ, ಕ್ರ್ಯಾಂಕ್ ಸೆನ್ಸರಿಗೆ ಹಲ್ಲುಗಳು ಫ್ಲೈವೀಲಿನಲ್ಲೇ ಇರುವ ಕಾರಾದರೆ ಅವು ಅದೇ ಜಾಗದಲ್ಲಿವೆಯೇ ಎಂದು ಹಳೆಯದರ ಪಕ್ಕ ಇಟ್ಟು ನೋಡಿ. ಪ್ರೆಶರ್ ಪ್ಲೇಟ್ ಕೂರುವ ಮುಖಕ್ಕೂ ಕ್ಲಚ್ ಉಜ್ಜುವ ಮುಖಕ್ಕೂ ಇರುವ ಎತ್ತರದ ವ್ಯತ್ಯಾಸ ಹಳೆಯದಕ್ಕೆ ಸರಿಯಾಗಿ ಹೊಂದಬೇಕು. ಇಲ್ಲದಿದ್ದರೆ ಕ್ಲಚ್ ಒಂದೋ ಜಾರುತ್ತದೆ, ಇಲ್ಲವೇ ಪೂರ್ತಿ ಬಿಡುವುದಿಲ್ಲ. ಪ್ರೆಶರ್ ಪ್ಲೇಟ್ ಸಮೇತ ಬ್ಯಾಲೆನ್ಸಿಂಗ್ ಮಾಡಿಸಿ.

ಹಳೆಯ ಫ್ಲೈವೀಲನ್ನು ಗುಜರಿಗೆ ಕೊಡಬೇಡಿ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು, ಪೋಲೊ ಕಾರಿನ ತಯಾರಿಕೆ 2022ರಲ್ಲಿ ನಿಂತಿತು. ಇಂಥ ಕಾರುಗಳ ಭಾಗಗಳು ಮುಂದೆ ಎಷ್ಟು ಸುಲಭವಾಗಿ ಸಿಗುತ್ತವೋ ಹೇಳಲಾಗದು. ಕಾರು ಮಾರುವ ದಿನ ಕೊಳ್ಳುವವನು ಮೊದಲ ಸುತ್ತಿನಲ್ಲೇ ಎರಡು ಸಲ ಆಫ್ ಮಾಡಿದರೆ ಎಂಜಿನ್ನೇ ಸರಿಯಿಲ್ಲ ಎಂದು ಚೌಕಾಸಿಗೆ ಇಳಿಯುತ್ತಾನೆ. ಅವತ್ತು ಹಳೆಯದು ಕೈಗೆ ಸಿಗುವಂತಿರಲಿ.

ಹಾಕಿಸಿ ತಂದ ಮೇಲೆ ನಂದಿಗೆ ಓಡಬೇಡಿ. ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿ, ಸಂಜೆ ಆರೂವರೆಗೆ ಹೆಬ್ಬಾಳದ ಏರಿಗೆ ಹೋಗಿ. ನ್ಯೂಟ್ರಲ್‌ನಲ್ಲಿ ನಿಂತಾಗ ಗೇರ್‌ಬಾಕ್ಸಿನಿಂದ ಗಲಗಲ ಸದ್ದು ಬಂದರೆ ಕ್ಲಚ್ ಒತ್ತಿ ನೋಡಿ. ಒತ್ತಿದ ಕೂಡಲೇ ನಿಂತರೆ ಹೆಚ್ಚಾಗಿ ಅದು ಹಗುರ ಫ್ಲೈವೀಲಿನ ಸಹಜ ಗಲಾಟೆ, ಸಹಿಸಿಕೊಳ್ಳಬೇಕಷ್ಟೆ. ಒತ್ತಿದಾಗ ಶುರುವಾಗುವ ಕಿರುಗುಟ್ಟುವ ಸದ್ದು ಹೆಚ್ಚಾಗಿ ರಿಲೀಸ್ ಬೇರಿಂಗಿನದು. ಅದಾದರೆ ಗ್ಯಾರೇಜಿಗೆ ಫೋನ್ ಮಾಡಿ, ಗೇರ್‌ಬಾಕ್ಸ್ ಮತ್ತೆ ಇಳಿಯಬೇಕು.

ಇತಿ,
ಇನ್ನೂ ಕಂಪನಿ ಫ್ಲೈವೀಲಿನಲ್ಲೇ ಓಡಾಡುತ್ತಿರುವ ನಿಮ್ಮ ಹಿತೈಷಿ